ಮಾವನವರ ಹನ್ನೊಂದು ನಿಮಿಷದ ಸಾವು

ಕೊಟ್ಟೂರಿನಲ್ಲಿ ಯಾವ ಕಾರ್ಯಕ್ರಮವಿದ್ದರೂ ಮೈಕು ನನ್ನ ಕೈಯಲ್ಲಿರುತ್ತದೆ. ಹೊಟ್ಟೆಪಾಡಿಗೆ ನಾನು ಕಾಲೇಜೊಂದರಲ್ಲಿ ಗುಮಾಸ್ತ. ಆದರೆ ಊರು ನನ್ನನ್ನು ಗುರುತಿಸುವುದು ನಿರೂಪಕನೆಂದು. ಶಾಲಾ ವಾರ್ಷಿಕೋತ್ಸವ, ನಿವೃತ್ತರ ಬೀಳ್ಕೊಡುಗೆ, ರಕ್ತದಾನ ಶಿಬಿರ, ಎಲ್ಲ ಕಡೆಯೂ "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರು ಮಾಡುವವನು ನಾನೇ. ಸನ್ಮಾನದ ವಿಷಯದಲ್ಲಂತೂ ನನ್ನ ಕೈ ಪಳಗಿದೆ. ಯಾವ ತಲೆಗೆ ಪೇಟ ಸಡಿಲ, ಯಾವ ತಲೆಗೆ ಬಿಗಿ ಎಂದು ದೂರದಿಂದಲೇ ಹೇಳಬಲ್ಲೆ. ಇಂಥ ಅನುಭವಿ ಮನುಷ್ಯ ತನ್ನ ಸ್ವಂತ ಮಾವನವರಿಗೆ ಒಂದು ಸನ್ಮಾನ ಮಾಡಿಸಲು ಹೊರಟರೆ ಎಡವಟ್ಟಾಗುವುದುಂಟೆ? ಉಂಟು! ಆಯಿತು. ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಆ ಸಿನಿಮಾದ ವಿಷಯ. ಹೆಸರು ಹೇಳುವುದಿಲ್ಲ. ಹೇಳಿದರೆ ಮನೆಯಲ್ಲಿ ಊಟ ಹಾಕುವುದಿಲ್ಲವೆಂದು ನನ್ನ ಹೆಂಡತಿ ಅನ್ನಪೂರ್ಣ ಎಚ್ಚರಿಕೆ ಕೊಟ್ಟಿದ್ದಾಳೆ. ಮೂವತ್ತು ವರ್ಷದ ಹಿಂದೆ ಗುಡೇಕೋಟೆಯ ಕಲ್ಲುಗುಡ್ಡಗಳಲ್ಲಿ ತೆಗೆದ ಚಿತ್ರ. ಅದರಲ್ಲಿ ಡಕಾಯಿತರಿದ್ದಾರೆ, ಒಂದು ಹಾವಿದೆ, ಇಬ್ಬರು ನಾಯಕಿಯರಿದ್ದಾರೆ. ಇಬ್ಬರಿಗೂ ಒಬ್ಬಳೇ ದನಿ ಕೊಟ್ಟಿದ್ದಾಳೆ. ಕೊನೆಯ ಹೊಡೆದಾಟಕ್ಕೆ ಕುದುರೆ ಸಾಲದೆ ಅರ್ಧ ಡಕಾಯಿತರು ಸೈಕಲ್ಲಿನ ಮೇಲೆ ಬರುತ್ತಾರೆ. ನಮ್ಮೂರ ಟಾಕೀಸಿನಲ್ಲಿ ಅದು ಓಡಿದ್ದು ಮೂರೇ ದಿನ.

ಈಗ ಯಾರೋ ಪುಣ್ಯಾತ್ಮರು ಅದನ್ನು ಹುಡುಕಿ ತೆಗೆದು, ತುಣುಕು ತುಣುಕಾಗಿ ಮೊಬೈಲಿಗೆ ಬಿಟ್ಟರು. ಹುಡುಗರು ಅದನ್ನು "ಕಲ್ಟ್" ಎಂದರು, ಅಂದರೆ ಹುಚ್ಚು ಹಿಡಿಸುವ ಸಿನಿಮಾವಂತೆ. ಹೊಸ ಸಿನಿಮಾಕ್ಕೆ ಹತ್ತು ಜನ ಬಾರದೆ ಕಂಗಾಲಾಗಿದ್ದ ಟಾಕೀಸಿನ ಮ್ಯಾನೇಜರ್ ರುದ್ರಪ್ಪ, ನೋಡೋಣವೆಂದು ಶನಿವಾರ ರಾತ್ರಿ ಹತ್ತೂವರೆಗೆ ಒಂದು ಆಟ ಇಟ್ಟ. ಟಾಕೀಸು ತುಂಬಿತು! ಮರುವಾರ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯಿಂದ ಒಂದೊಂದು ಬೈಕಿನ ಮೇಲೆ ಮೂರು ಮೂರು ಜನ ಕೂತು ಬಂದರು. ಊರು ಮಲಗುವ ಹೊತ್ತಿಗೆ ಟಾಕೀಸಿನ ಮುಂದೆ ಮಿರ್ಚಿ ಬಂಡಿಯವರು ಎಣ್ಣೆ ಕಾಯಿಸತೊಡಗಿದರು.

ಆ ಸಿನಿಮಾದಲ್ಲಿ ಕ್ರೂರಿ ಗೌಡನ ಪಾತ್ರ ಮಾಡಿದವರು ನಮ್ಮ ಮಾವನವರು! ಹರಪನಹಳ್ಳಿಯ ನಿವೃತ್ತ ಹೆಡ್‌ಮಾಸ್ತರ್ ಸಿದ್ಧಲಿಂಗಪ್ಪನವರು. ಇಂದಿಗೂ ಅವರು ಎದುರಿಗೆ ಬಂದರೆ ಹಳೆಯ ವಿದ್ಯಾರ್ಥಿಗಳು ಸ್ಕೂಟರ್ ನಿಲ್ಲಿಸಿ ಇಳಿಯುತ್ತಾರೆ. ಮಾವನವರಿಗೆ ಮೊದಲಿನಿಂದಲೂ ನಾಟಕದ ಹುಚ್ಚಿತ್ತು. ಶೂಟಿಂಗಿನವರು ಬಂದಾಗ ರಜೆ ಹಾಕಿ ಗುಡೇಕೋಟೆಗೆ ಹೋಗಿದ್ದರು. ಈ ವಿಷಯ ನನಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಆಗ ಅನ್ನಪೂರ್ಣ ಹೇಳಿದ್ದಳು: "ಅಪ್ಪಾಜಿ ಮುಂದ ಆ ಸಿನಿಮಾದ ಸುದ್ದಿ ತೆಗಿಬ್ಯಾಡ್ರಿ. ಅವ್ವ ಹಂಗ ಹೇಳ್ಯಾಳ." ಯಾಕೆ ಎಂದರೆ ಅವಳಿಗೂ ಗೊತ್ತಿರಲಿಲ್ಲ. ದೊಡ್ಡ ಕಲಾವಿದರು ಪ್ರಚಾರ ಬಯಸುವುದಿಲ್ಲ ಎಂದು ನಾನೇ ಅರ್ಥ ಮಾಡಿಕೊಂಡೆ.

ಒಂದು ಶನಿವಾರ ಬೀಳ್ಕೊಡುಗೆ ಸಮಾರಂಭವೊಂದನ್ನು ಮುಗಿಸಿ ಮನೆಗೆ ಹೋಗುವಾಗ ಟಾಕೀಸಿನ ಮುಂದೆ ನಿಂತೆ. ಕಂಡದ್ದೇನು! ಆಳೆತ್ತರದ ಫ್ಲೆಕ್ಸಿನಲ್ಲಿ ಮಾವನವರ ಮೀಸೆ. ಅದಕ್ಕೆ ಸೇವಂತಿಗೆ ಹಾರ. ಹುಡುಗರು ಕರ್ಪೂರ ಹಚ್ಚಿ ಬೆಳಗುತ್ತಿದ್ದಾರೆ. ಒಬ್ಬ ಕಾಯಿ ಒಡೆದ. ಇನ್ನೊಬ್ಬ ಉದ್ದಕ್ಕೆ ಅಡ್ಡಬಿದ್ದ. "ಗೌಡ್ರಿಗೆ ಜೈ!" ಎಂಬ ಕೂಗಿಗೆ ಬಸ್‌ಸ್ಟ್ಯಾಂಡಿನ ನಾಯಿಗಳೆಲ್ಲ ಎದ್ದವು. ನಮ್ಮ ಸೀಮೆಯಲ್ಲಿ ಹುಟ್ಟಿದ ನಾನು ಬೇರೆ ಏನು ತಿಳಿಯಲಿ? ಹಾರ, ಕರ್ಪೂರ, ಕಾಯಿ ಮೂರೂ ಒಂದೆಡೆ ಸೇರಿದರೆ ಅದು ಭಕ್ತಿ. ಕೈಯಿಂದ ದುಡ್ಡು ಹಾಕಿ ಕಾಯಿ ತಂದು ಯಾರಾದರೂ ತಮಾಷೆಗೆ ಒಡೆಯುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ಸೀದಾ ರುದ್ರಪ್ಪನ ಬಳಿ ಹೋದೆ.

"ರುದ್ರಪ್ಪಾ, ಆ ಗೌಡ್ರು ಯಾರು ಗೊತ್ತೈತೇನು? ನಮ್ಮ ಮಾವ!"

"ಖರೇನಾ ಸರ? ಇನ್ನಾ ಅದಾರಾ?"

"ಗಟ್ಟಿಮುಟ್ಟಾಗಿ ಅದಾರ. ಮುಂದಿನ ಶನಿವಾರ ಕರಕೊಂಡು ಬರ್ತೀನಿ. ಇಲ್ಲೇ ಸನ್ಮಾನ ಮಾಡೂಣು."

ರುದ್ರಪ್ಪ ತಲೆ ಕೆರೆದುಕೊಂಡ. "ಸರ, ಮೊದಲು ನೀವೊಮ್ಮೆ ಒಳಗ ಕುಂತು ಆಟ ನೋಡ್ರಿ. ಆಮ್ಯಾಲ ಕರಸೂದು ಬಿಡೂದು ವಿಚಾರ ಮಾಡೂಣು."

"ನಾಳೆ ಮುಂಜಾನೆ ರಕ್ತದಾನ ಶಿಬಿರ ಐತಿ. ನನಗ ಟೈಮಿಲ್ಲ."

"ಹುಡುಗರು ಭಾಳ ಗದ್ದಲ ಹಾಕ್ತಾರ್ರಿ…"

"ಅಭಿಮಾನ ಇದ್ದಲ್ಲಿ ಗದ್ದಲ ಇರೋದ!"

ಇದನ್ನು ನಾನು ಭಾಷಣದ ಧಾಟಿಯಲ್ಲೇ ಹೇಳಿದೆ. ಅವತ್ತು ಎರಡು ತಾಸು ಒಳಗೆ ಕೂತಿದ್ದರೆ ಸಾಕಿತ್ತು. ಕೂರಲಿಲ್ಲ.

ಮರುದಿನ ಮಾವನವರಿಗೆ ಫೋನು ಮಾಡಿ ವಿಷಯ ಹೇಳಿದೆ.

"ಹಾರ ಹಾಕ್ಯಾರಾ?" ಎಂದರು.

"ಹಾರ ಹಾಕ್ಯಾರ, ಕರ್ಪೂರ ಬೆಳಗ್ಯಾರ, ಕಾಯಿ ಒಡದಾರ್ರಿ ಮಾವಾರ!"

"ನಿಮ್ಮತ್ತಿಗೆ ಹೇಳೂದು ಬ್ಯಾಡ್ರಿ ಅಳಿಯಂದ್ರ. ಶಾಲು ಹೊದ್ದು ಬಂದು ಬಾಗಿಲಾಗ ನಿಲ್ತೀನಿ. ಆಕಿ ನೋಡಲಿ."

ಅವರ ದನಿಯಲ್ಲಿ ಅಂಥ ಹುರುಪನ್ನು ನಾನು ಮೊದಲು ಕೇಳಿರಲಿಲ್ಲ. ಇತ್ತ ನಾನೂ ಅನ್ನಪೂರ್ಣಳಿಗೆ ಹಂಪಸಾಗರದಲ್ಲಿ ಕಾರ್ಯಕ್ರಮವೆಂದು ಸುಳ್ಳು ಹೇಳಿದೆ. "ರಾತ್ರಿ ಹತ್ತಕ್ಕ ಎಂಥ ಕಾರ್ಯಕ್ರಮ್ರಿ?" ಎಂದಳು. "ಭಜನಿ" ಎಂದೆ. ಎಚ್ಚರಿಸಬಲ್ಲ ಇಬ್ಬರು ಹೆಂಗಸರನ್ನೂ ಹೀಗೆ ಯಶಸ್ವಿಯಾಗಿ ದೂರವಿಟ್ಟೆವು.

ಶನಿವಾರ ಕಾರು ಬಾಡಿಗೆಗೆ ಹಿಡಿದು ಹರಪನಹಳ್ಳಿಗೆ ಹೋದೆ. ಅತ್ತೆಯವರು ಪಕ್ಕದ ಮನೆಯಲ್ಲಿದ್ದ ಹೊತ್ತು ನೋಡಿ ಮಾವನವರು ಹಿಂಬಾಗಿಲಿನಿಂದ ಬಂದು ಕಾರು ಹತ್ತಿದರು. ಇಸ್ತ್ರಿ ಮಾಡಿದ ಪಂಚೆ, ನುಸಿಗುಳಿಗೆಯ ವಾಸನೆ ಬರುವ ಕಪ್ಪು ಕೋಟು, ಮೀಸೆಗೆ ಕಪ್ಪು ಬಣ್ಣ. ದಾರಿಯಲ್ಲಿ ಅವರೇ ಮಾತು ತೆಗೆದರು.

"ನಿಮಗ ಗೊತ್ತೈತೋ ಇಲ್ಲೋ, ಆ ಪಿಕ್ಚರ್ ನಾನು ನೋಡೇ ಇಲ್ಲ."

"ನೋಡಿಲ್ಲೇನ್ರಿ?"

"ಎಲ್ಲಿ ನೋಡ್ಲಿ? ನಿಮ್ಮತ್ತಿ ಓಣಿ ಹೆಂಗಸರ ಜೋಡಿ ಕೊಟ್ಟೂರಿಗೆ ಹೋಗಿ ಮೊದಲನೇ ಆಟ ನೋಡಿ ಬಂದ್ಲು. ನಾನು ಮರುದಿನ ಹೋಗೂಣಂದ್ರ ಆಕಿಗೆ ಹೊಟ್ಟಿ ನೋವು ಹತ್ತಿಬಿಡ್ತು. ಮೂರು ದಿನ ಹಾಸಿಗಿ ಬಿಟ್ಟು ಏಳಲಿಲ್ಲ. ಆಕಿ ಏಳೂದ್ರಾಗ ಪಿಕ್ಚರ್ ಎತ್ತಿಬಿಟ್ಟಿದ್ರು. ಆದ್ರ ನಾನು ಸಾಯೂ ಸೀನಿಗೆ ಹೆಂಗಸರೆಲ್ಲಾ ಸೆರಗು ಬಾಯಿಗೆ ಇಟ್ಟುಕೊಂಡು ಅತ್ರಂತ. ನಿಮ್ಮತ್ತಿ ಹೇಳ್ಯಾಳ."

ಮೂವತ್ತು ವರ್ಷ ಅವರು ಆ ಒಂದು ಮಾತನ್ನು ಎದೆಯಲ್ಲಿ ಇಟ್ಟುಕೊಂಡಿದ್ದರು. "ಇವತ್ತು ನೀವೇ ಕಣ್ಣಾರೆ ನೋಡ್ತೀರಿ ಬಿಡ್ರಿ" ಎಂದು ನಾನು ಭರವಸೆ ಕೊಟ್ಟೆ.

ಟಾಕೀಸಿನಲ್ಲಿ ತೆರೆಯ ಮುಂದಿನ ಕಟ್ಟೆಯ ಮೇಲೆ ಎರಡು ಕುರ್ಚಿ ಹಾಕಿಸಿದ್ದೆ. ಒಳಗೆ ಬೆಂಕಿ ಹಚ್ಚಬಾರದೆಂದು ರುದ್ರಪ್ಪ ಅಂದದ್ದರಿಂದ ದೀಪದ ಬದಲು ಸಸಿಗೆ ನೀರೆರೆದು ಉದ್ಘಾಟನೆ. ಪ್ರಾರ್ಥನೆ ನಾನು, ಸ್ವಾಗತ ನಾನು, ಪ್ರಾಸ್ತಾವಿಕ ನಾನು, ಅಭಿನಂದನಾ ನುಡಿಯೂ ನಾನು. ಹತ್ತು ನಿಮಿಷದ ಕಾರ್ಯಕ್ರಮ ಮುಕ್ಕಾಲು ಗಂಟೆ ಹಿಡಿಯಿತು. ಹುಡುಗರು ಮಾತು ಮಾತಿಗೂ ಚಪ್ಪಾಳೆ ಹೊಡೆದರು. ಅದು ನನ್ನನ್ನು ಕೂರಿಸಲು ಹೊಡೆದ ಚಪ್ಪಾಳೆ ಎಂದು ಈಗ ಗೊತ್ತಾಗಿದೆ.

"ಕಲೆಗೆ ಸಾವಿಲ್ಲ!" ಎಂದೆ ನಾನು.

"ಗೌಡ್ರಿಗೂ ಸಾವಿಲ್ಲ!" ಎಂದು ಸಭೆ ಒಕ್ಕೊರಲಿನಿಂದ ಕೂಗಿತು.

ಎಂಥ ಪ್ರಬುದ್ಧ ಸಭೆ ಎಂದುಕೊಂಡು ಮಾವನವರಿಗೆ ಪೇಟ ತೊಡಿಸಿದೆ, ಶಾಲು ಹೊದಿಸಿದೆ, ಹಣ್ಣಿನ ಬುಟ್ಟಿ ಕೊಟ್ಟೆ. ಅವರ ಕಣ್ಣು ಒದ್ದೆಯಾಗಿದ್ದವು. ಆಮೇಲೆ ಪೇಟದ ಖಾಲಿ ಪೆಟ್ಟಿಗೆಯೊಂದಿಗೆ ಇಬ್ಬರೂ ಇಳಿದು ಮುಂದಿನ ಸೋಫಾದಲ್ಲಿ ಕೂತೆವು. ದೀಪ ಆರಿತು.

ತೆರೆಯ ಮೇಲೆ ಮಾವನವರ ಮೊದಲ ಮಾತು ಬರುವ ಮುಂಚೆಯೇ ಇಡೀ ಟಾಕೀಸು ಅದನ್ನು ಹೇಳಿಬಿಟ್ಟಿತು. ಎರಡನೆಯ ಮಾತೂ ಹಾಗೇ. ಹೆಡ್‌ಮಾಸ್ತರ್ ಮನಸ್ಸು ಅರಳಿತು. "ಬಾಯಿಪಾಠ ಮಾಡ್ಯಾರಲ್ರಿ! ಒಂದು ಅಕ್ಷರ ತಪ್ಪಿಲ್ಲ!" ಎಂದು ನನ್ನ ತೊಡೆ ತಟ್ಟಿದರು. ಅಷ್ಟರಲ್ಲಿ ಗೌಡರು ಮಗಳನ್ನು ಮನೆಯಿಂದ ಹೊರಹಾಕುವ ದೃಶ್ಯ ಬಂತು. ಟಾಕೀಸಿನ ಹೆಂಚು ಹಾರುವಂಥ ನಗು.

"ಅಳಿಯಂದ್ರ, ಇಲ್ಲಿ ನಗುವಂಥದ್ದು ಏನೈತ್ರಿ?"

"ಹಿಂದಿನ ಸಾಲಿನಾಗ ಯಾರೋ ಜೋಕ್ ಹೇಳಿರಬೇಕ್ರಿ" ಎಂದೆ.

ಮತ್ತೆ ನಗು. "ಈಗ್ಯಾಕ ನಕ್ಕರು?"

"ಅದ… ಅದ ಜೋಕು, ಈಗ ತಿಳಿದಿರಬೇಕ್ರಿ ಅವರಿಗೆ."

ಹೀಗೆ ಒಂದೂವರೆ ತಾಸು ನಾನು ಒಂದೊಂದು ನಗುವಿಗೂ ಒಂದೊಂದು ಸುಳ್ಳು ಹೊಸೆದೆ. ಹಾವು ನೋಡಿ ನಕ್ಕರೆಂದೆ, ಸೈಕಲ್ ನೋಡಿ ನಕ್ಕರೆಂದೆ. ಕೊನೆಗೆ ಆ ದೃಶ್ಯ ಬಂತು.

ಅದನ್ನು ವಿವರಿಸಲೇಬೇಕು. ಗೌಡರಿಗೆ ಗುಂಡು ಬೀಳುತ್ತದೆ. ಬೀಳುತ್ತಾರೆ. ಎದ್ದು ಮಗಳಿಗೆ ಬುದ್ಧಿ ಹೇಳಿ ಬೀಳುತ್ತಾರೆ. ಮತ್ತೆ ಎದ್ದು ಹೊಲ ಯಾರಿಗೆ, ತೋಟ ಯಾರಿಗೆ ಎಂದು ಹಂಚಿ ಬೀಳುತ್ತಾರೆ. ಮೂರನೆಯ ಸಲ ಎದ್ದು ನೀರು ಕೇಳುತ್ತಾರೆ. ಯಾರೂ ತರುವುದಿಲ್ಲ. ಎದೆ ಹಿಡಿದುಕೊಂಡು ತಾವೇ ಕಾಳು ತುಂಬುವ ಹಗೇವಿನ ಪಕ್ಕದ ಕೊಡದ ಹತ್ತಿರ ಹೋಗಿ, ಕುಡಿದು, ಚೆಂಬು ಇದ್ದಲ್ಲೇ ಇಟ್ಟು, ಬಿದ್ದ ಜಾಗಕ್ಕೇ ವಾಪಸು ಬಂದು ಸಾಯುತ್ತಾರೆ. ಹನ್ನೊಂದು ನಿಮಿಷ!

ಗುಂಡಿನ ಸದ್ದಿಗೆ ಟಾಕೀಸಿನ ಹುಡುಗರೆಲ್ಲ ಸೀಟು ಬಿಟ್ಟು ನಡುವಿನ ದಾರಿಯಲ್ಲಿ ದಪದಪನೆ ಬಿದ್ದರು. ಗೌಡರು ಎದ್ದರೆ ಅವರೂ ಎದ್ದರು, ಬಿದ್ದರೆ ಅವರೂ ಬಿದ್ದರು. ಕೊನೆಯ ಸಲ ಬಿದ್ದಾಗ ಬಾಲ್ಕನಿಯಿಂದ ಮಂಡಕ್ಕಿ ಸುರಿಯಿತು. ನಮ್ಮ ಕಡೆ ಹೆಣದ ಮೆರವಣಿಗೆಯಲ್ಲಿ ಎರಚುತ್ತಾರಲ್ಲ, ಹಾಗೆ! ಮಾವನವರ ಪೇಟದ ತುಂಬ ಮಂಡಕ್ಕಿ.

"ಇವರಿಗೆಲ್ಲ ಏನಾತ್ರಿ?" ಎಂದರು ಗಾಬರಿಯಿಂದ.

ನನ್ನ ಸುಳ್ಳಿನ ದಾಸ್ತಾನು ಮುಗಿದಿತ್ತು. "ಭಾವಪರವಶ ಆಗ್ಯಾರ್ರಿ" ಎಂದೆ.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಎದ್ದಿತು. "ಗೌಡ್ರು ಇಲ್ಲೇ ಅದಾರಲೇ! ಒನ್ಸ್ ಮೋರ್!" ಟಾಕೀಸು ಪೂರಾ ಹಿಡಿದುಕೊಂಡಿತು. "ಸಾಯ್ರಿ ಗೌಡ್ರ! ಸಾಯ್ರಿ ಗೌಡ್ರ!" ರುದ್ರಪ್ಪ ಸಿನಿಮಾ ನಿಲ್ಲಿಸಿ ದೀಪ ಹಾಕಿದ. ನನ್ನತ್ತ ನೋಡಿ ಬೇಡವೆಂದು ಕೈಯಾಡಿಸಿದ.

"ಏನಂತಾರ್ರಿ?" ಎಂದರು ಮಾವನವರು.

ಹೊತ್ತಾಯಿತು, ಹೋಗೋಣ ಎನ್ನಬಹುದಿತ್ತು. ಅತ್ತೆಯವರು ಕಾಯುತ್ತಾರೆ ಎನ್ನಬಹುದಿತ್ತು. ಆದರೆ ರುದ್ರಪ್ಪನ ಮೈಕು ಇನ್ನೂ ನನ್ನ ತೊಡೆಯ ಮೇಲಿತ್ತು, ಮತ್ತು ಟಾಕೀಸು ತುಂಬ ಜನರಿದ್ದರು. ಅಭ್ಯಾಸಬಲ! ಎದ್ದು ನಿಂತು, "ಅಭಿಮಾನಿಗಳ ಒತ್ತಾಯದ ಮೇರೆಗೆ ಇದೀಗ ಹಿರಿಯ ಕಲಾವಿದರು ಆ ದೃಶ್ಯವನ್ನು ವೇದಿಕೆಯ ಮೇಲೆ ಅಭಿನಯಿಸಲಿದ್ದಾರೆ" ಎಂದುಬಿಟ್ಟೆ. ಈ ಬಾಯಿಗೆ ಬೀಗ ಹಾಕುವವರು ಅಂದು ಯಾರೂ ಇರಲಿಲ್ಲ.

ಮಾವನವರು ಪೇಟ ತೆಗೆದು ನನ್ನ ಕೈಗೆ ಕೊಟ್ಟರು. ಶಾಲು ಮಡಚಿ ಕೊಟ್ಟರು. ಚಪ್ಪಲಿ ಬಿಟ್ಟು, ಕಟ್ಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಮೇಲೆ ಹತ್ತಿದರು. ಮೊದಲ ಸಲ ಬಿದ್ದರು. ಎದ್ದು, ಮಗಳಿಗೆ ಹೇಳುವ ಮಾತು ಹೇಳಿದರು. ಎಪ್ಪತ್ತು ದಾಟಿದ ಗಂಟಲು ಖಣಖಣ ಎನ್ನುತ್ತಿತ್ತು. ಎರಡನೆಯ ಸಲ ಬಿದ್ದು ಏಳುವಾಗ ದೀಪದ ಬೆಳಕಿನಲ್ಲಿ ಅವರ ಕಣ್ಣು ಮುಂದಿನ ಸಾಲಿನ ಮೇಲೆ ಬಿತ್ತು. ಹುಡುಗರು ಹೊಟ್ಟೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಒರಗುತ್ತಿದ್ದರು. ಆಗ ಅವರಿಗೆ ತಿಳಿಯಿತು. ತಿಳಿದದ್ದು ನನಗೂ ಕಂಡಿತು.

ಅವರು ನಿಲ್ಲಿಸಲಿಲ್ಲ. ಹೊಲ ಹಂಚಿದರು, ತೋಟ ಹಂಚಿದರು, ಬಿದ್ದರು, ಎದ್ದರು, ಇಲ್ಲದ ಕೊಡದಿಂದ ಇಲ್ಲದ ನೀರು ಕುಡಿದರು, ಬಂದು ಸತ್ತರು. ಒಂದು ಮಾತೂ ಬಿಡಲಿಲ್ಲ. ಟಾಕೀಸು ಕುಣಿಯಿತು. ಮಾವನವರು ಏಳಲಿಲ್ಲ.

ಒಂದು ನಿಮಿಷವಾಯಿತು. ಎರಡಾಯಿತು. ನಿಜವಾಗಿಯೇ ಹೋದರೆಂದುಕೊಂಡೆ. ಓಡಿಹೋಗಿ ಸಸಿಗೆ ಎರೆದು ಉಳಿದಿದ್ದ ನೀರನ್ನು ಅವರ ಮುಖಕ್ಕೆ ಎರಚಿದೆ. ಸಭೆಗೆ ಅದು ಇನ್ನೂ ಸೊಗಸೆನಿಸಿತು! ಮಾವನವರು ತುಟಿ ಅಲುಗಿಸದೆ ಪಿಸುಗುಟ್ಟಿದರು.

"ಪರದಿ ಇಳಿಸ್ರಿ."

ನಾಟಕದವರ ನೇಮ ಅದು. ರಂಗದ ಮೇಲೆ ಸತ್ತವನು ಅಂಕದ ಪರದೆ ಬೀಳುವ ತನಕ ಏಳಬಾರದು. ನಾನು ರುದ್ರಪ್ಪನ ಕಡೆ ಓಡಿದೆ. "ಪರದಿ ಎಲ್ಲೈತ್ರಿ ಸರ? ಇಲಿ ತಿಂದು ಎಷ್ಟೋ ವರ್ಷ ಆತು" ಎಂದ. ತಿರುಗಿ ನೋಡಿದರೆ ಹುಡುಗರು ಕಟ್ಟೆ ಹತ್ತಿದ್ದರು. ಸತ್ತ ಗೌಡರ ಅಕ್ಕಪಕ್ಕ ಮಲಗಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬ ಹಣ್ಣಿನ ಬುಟ್ಟಿಯನ್ನು ಎತ್ತಿ ಅವರ ತಲೆಯ ಹತ್ತಿರ ಇಟ್ಟ. ಆ ಹಣ್ಣು ನಾನೇ ಆರಿಸಿ ತಂದದ್ದು.

"ದಯವಿಟ್ಟು ಸಭಿಕರು ಸಹಕರಿಸಬೇಕು" ಎಂದು ಮೈಕಿನಲ್ಲಿ ಬೇಡಿಕೊಂಡೆ. ಸಭಿಕರು ನನ್ನ ದನಿಯಲ್ಲೇ ಅದನ್ನು ತಿರುಗಿ ಹೇಳಿದರು. ಬೇರೆ ದಾರಿ ಕಾಣದೆ ಸನ್ಮಾನದ ಶಾಲು ಬಿಡಿಸಿದೆ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ರುದ್ರಪ್ಪ ಹಿಡಿದ. ಮಾವನವರ ಮುಂದೆ ಮೇಲಿನಿಂದ ನಿಧಾನವಾಗಿ ಇಳಿಸಿದೆವು. ಅದರ ಹಿಂದೆ ಅವರು ಮೊಣಕಾಲೂರಿ ಎದ್ದು, ಕೋಟಿನ ಮೇಲಿನ ಮಂಡಕ್ಕಿಯನ್ನು ಕೊಡವಿಕೊಂಡರು. ನನ್ನನ್ನು ನೋಡಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಗೆ ನಡೆದರು.

ಅದೇ ಕಾರಿನಲ್ಲಿ ಹರಪನಹಳ್ಳಿಗೆ ವಾಪಸಾದೆವು. ಮನೆಯ ದೀಪಗಳೆಲ್ಲ ಹತ್ತಿದ್ದವು. ಬಾಗಿಲು ತೆರೆದ ಅತ್ತೆಯವರು ಗಂಡನ ಮೀಸೆಯಿಂದ ಇಳಿದ ಕಪ್ಪು ನೀರು ನೋಡಿದರು, ನನ್ನ ಕೈಯಲ್ಲಿದ್ದ ಪೇಟ ನೋಡಿದರು. ಮಾವನವರು ಅವರನ್ನು ದಾಟಿ ಒಳಗೆ ಹೋಗಿ ಕದ ಹಾಕಿಕೊಂಡರು. ನಾನು ತೊದಲುತ್ತ ಎಲ್ಲ ಹೇಳಿದೆ. ಅತ್ತೆಯವರು ಹೊಸ್ತಿಲ ಪಕ್ಕ ಕೂತರು.

"ಅವತ್ತು ಜನ ನಕ್ಕಿದ್ದು ನನ್ನ ಕಿವಿಯಾಗ ಇನ್ನಾ ಐತ್ರಿ" ಎಂದರು. "ನನಗ ಹೊಟ್ಟಿನೋವೂ ಇರಲಿಲ್ಲ, ಏನೂ ಇರಲಿಲ್ಲ. ಇವರು ಟಾಕೀಸಿಗೆ ಹೋಗಬಾರದಂತ ಮೂರು ದಿನ ಕಹಿ ಕಷಾಯ ಕುಡದು ಹಾಸಿಗಿ ಹಿಡದೆ. ಹೆಂಗಸರು ಅತ್ರು ಅಂತ ಸುಳ್ಳು ಹೇಳಿದೆ. ಓಣಿ ಹೆಂಗಸರಿಗೆಲ್ಲ ಕೈ ಮುಗಿದು ಬಾಯಿ ಮುಚ್ಚಿಸಿದೆ. ಮೂವತ್ತು ವರ್ಷ ಆತ್ರಿ ಅಳಿಯಂದ್ರ, ಒಬ್ಬರೂ ಬಾಯಿ ಬಿಟ್ಟಿದ್ದಿಲ್ಲ."

ಒಂದು ಇಡೀ ಓಣಿ ಮೂವತ್ತು ವರ್ಷ ಕಾಯ್ದದ್ದನ್ನು ನಾನು ಒಂದು ಶನಿವಾರದಲ್ಲಿ ಮುಗಿಸಿದ್ದೆ. ಅದೂ ವಂದನಾರ್ಪಣೆ ಇಲ್ಲದೆ! ಬೆಳಗಿನ ಜಾವ ಮನೆಗೆ ಬಂದಾಗ ಅನ್ನಪೂರ್ಣ ಎಚ್ಚರವಿದ್ದಳು. ಅವಳವ್ವ ಫೋನು ಮಾಡಿದ್ದರು. "ಭಜನಿ ಚಲೋ ಆತೇನ್ರಿ?" ಎಂದು ಕೇಳಿದಳು. ಆಮೇಲೆ ನಾಲ್ಕು ದಿನ ಬೇರೆ ಏನೂ ಕೇಳಲಿಲ್ಲ.

ಹದಿನೈದು ದಿನ ನಾನು ಯಾವ ಕಾರ್ಯಕ್ರಮಕ್ಕೂ ಹೋಗಲಿಲ್ಲ. ಕೊನೆಗೆ ಕ್ಷಮೆ ಕೇಳುವುದೆಂದು ಒಬ್ಬನೇ ಹರಪನಹಳ್ಳಿಯ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ತಾಲೀಮು ಮಾಡಿದೆ. ಮಾವನವರು ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದರು. ಮೀಸೆ ಪೂರಾ ಬೆಳ್ಳಗಾಗಿತ್ತು. ನಾನು ಕೈಮುಗಿದು, "ಮಾವಾರ, ನನ್ನಿಂದ ಅಕ್ಷಮ್ಯ ಅಪರಾಧ…" ಎಂದು ಶುರು ಮಾಡಿದೆ.

"ಭಾಷಣ ಬ್ಯಾಡ್ರಿ" ಎಂದರು. ಪೇಪರು ಮಡಚಿದರು. "ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ಆ ಹುಡುಗರದು ಬಿಡ್ರಿ, ಅವರು ನಗಾಕಂತನ ಬಂದವರು. ಅವತ್ತು ನೀವೂ ನಕ್ಕಿರೇನು?"

ನಕ್ಕಿದ್ದೆ. ಕತ್ತಲಲ್ಲಿ, ತೆರೆಯ ಮೇಲೆ ಅವರು ಎದೆ ಹಿಡಿದುಕೊಂಡು ನೀರು ಕುಡಿಯಲು ಹೊರಟಾಗ, ಪೇಟದ ಪೆಟ್ಟಿಗೆಯನ್ನು ಬಾಯಿಗೆ ಒತ್ತಿಕೊಂಡು, ಅವರ ಪಕ್ಕದಲ್ಲೇ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದೆ. ಇಲ್ಲಿಯ ತನಕ ಅದನ್ನು ಅನ್ನಪೂರ್ಣಳಿಗೂ ಹೇಳಿಲ್ಲ, ನಿಮಗೂ ಹೇಳದೆ ಮುಚ್ಚಿಟ್ಟಿದ್ದೆ.

"ಇಲ್ರಿ ಮಾವಾರ" ಎಂದೆ. ಮುಖ ಗಂಭೀರ ಮಾಡಿ, ಅವರ ಕಣ್ಣಲ್ಲಿ ಕಣ್ಣಿಟ್ಟು, ದನಿಯನ್ನು ಸ್ವಲ್ಪ ನಡುಗಿಸಿ ಹೇಳಿದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ತಪ್ಪು ಲೆಕ್ಕ ಮಾಡಿದ ವಿದ್ಯಾರ್ಥಿಯನ್ನು ಮಾಸ್ತರರು ನೋಡುವ ನೋಟ ಅದು. ಆಮೇಲೆ ಮತ್ತೆ ಪೇಪರು ಬಿಡಿಸಿಕೊಂಡರು.

"ನಿಮಗ ನಟನಿ ಬರಂಗಿಲ್ಲ ಬಿಡ್ರಿ ಅಳಿಯಂದ್ರ" ಎಂದರು.